ಸೋಮವಾರದ ನಕಾಶೆ

ಹೊಸಮಾಳದ ಹತ್ತಿ ಬೆಳೆಗಾರರ ಸಂಘದ ಹೆಡ್‌ಕ್ಲಾರ್ಕ್ ಈರಬಸಪ್ಪನಿಗೆ ಒಂದು ಖೋಡಿ ಇತ್ತು. ಯಾವುದನ್ನು ಕಂಡರೂ ಇದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ನಡುವೆ ಯಾರ ಕೈ ಮುಟ್ಟುತ್ತದೆ ಎಂದು ಕೇಳದೆ ಅವನಿಗೆ ಉಂಡ ರೊಟ್ಟಿ ಕರಗುತ್ತಿರಲಿಲ್ಲ. ಮದುವೆಯಾದ ಮೊದಲ ತಿಂಗಳಲ್ಲೇ ಹೆಂಡತಿ ಅನ್ನವ್ವನ ಅಡುಗೆಮನೆಗೆ ನುಗ್ಗಿ, ಹಿಟ್ಟಿನ ಡಬ್ಬಿ ಒಲೆಯ ಬಾಜೂಕೆ ಇದ್ದರೆ ದಿನಕ್ಕೆ ಹನ್ನೆರಡು ಹೆಜ್ಜೆ ಉಳಿಯುತ್ತವೆ ಎಂದು ಎಣಿಸಿ ಹೇಳಿದ್ದ. ಅನ್ನವ್ವ ಡಬ್ಬಿಯನ್ನು ಇದ್ದಲ್ಲೇ ಇಟ್ಟಳು. "ಉಳಿದ ಹನ್ನೆರಡು ಹೆಜ್ಜಿ ತಗೊಂಡು ನಾ ಎಲ್ಲಿಗೆ ಹೋಗ್ಲಿರಿ?" ಎಂದು ಕೇಳಿದಳು. 

ಈರಬಸಪ್ಪ ಹುಟ್ಟಿದ್ದು ಯರಗುಪ್ಪಿಯಲ್ಲಿ. ಮ್ಯಾಟ್ರಿಕ್ ಮುಗಿಸಿ ಸಂಘಕ್ಕೆ ಬಂದವನು ಮೊದಲು ತೂಕದ ಕಾಟಾದ ಮುಂದೆ ಕೂತು ಚೀಟಿ ಬರೆದ, ಆಮೇಲೆ ಬೀಜದ ಗೋದಾಮಿನಲ್ಲಿದ್ದ, ಆಮೇಲೆ ಆಫೀಸಿಗೆ ಬಂದ. ಹದಿನೇಳು ವರ್ಷದಲ್ಲಿ ಸಂಘದ ಮೂಲೆ ಮೂಲೆಯಲ್ಲೂ ಕೂತೆದ್ದಿದ್ದ. ಹಾಗಾಗಿಯೇ ಏನೋ, ಸಂಘ ಅವನ ಕಣ್ಣಿಗೆ ಒಂದು ಸಂಸ್ಥೆಯ ಹಾಗೆ ಕಾಣುತ್ತಲೇ ಇರಲಿಲ್ಲ. ಒಂದೇ ಅಂಗಳದಲ್ಲಿ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಹಾಗೆ ಕಾಣುತ್ತಿತ್ತು. ಗೇಟಿನಲ್ಲಿ ಬಂಡಿಗೆ ಒಂದು ನಂಬರು ಸಿಕ್ಕರೆ ಕಾಟಾದವರು ಇನ್ನೊಂದು ಕೊಡುತ್ತಿದ್ದರು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಫೋರ್‌ಮನ್ ಮುದಕಪ್ಪ ಯಾವ ನಂಬರನ್ನೂ ಒಪ್ಪದೆ, ರೈತನ ಊರಿನ ಹೆಸರಿನಿಂದಲೇ ರಾಶಿಗಳನ್ನು ಗುರುತಿಡುತ್ತಿದ್ದ. ಅರಳೆಯನ್ನು ಒತ್ತಿ ಗಾಂಟು ಕಟ್ಟುವ ಪ್ರೆಸ್ಸಿನವರದು ಮತ್ತೊಂದು ಪುಸ್ತಕ. ಬೀಜದ ಗೋದಾಮಿನವರದಂತೂ ಅವರಿಗೇ ಓದಲಿಕ್ಕೆ ಬರುತ್ತಿರಲಿಲ್ಲ.

೧೯೮೩ರಲ್ಲಿ ಪುಣೆಯಲ್ಲಿ ಸಹಕಾರಿ ಸಂಘಗಳ ನೌಕರರಿಗೆ ಆರು ವಾರದ ತರಬೇತಿ ನಡೆಯಿತು. ಎಲ್ಲರೂ ಹೋಗಲು ಒಲ್ಲೆವೆಂದಾಗ ಈರಬಸಪ್ಪನನ್ನು ಕಳಿಸಿದರು. ಅಲ್ಲಿ ಒಬ್ಬ ಮಾಸ್ತರರು ಒಂದು ಸಕ್ಕರೆ ಕಾರಖಾನೆಯನ್ನು ಇಡೀಯಾಗಿ ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿದ್ದರು. ಯಾವ ಕೆಲಸ ಯಾರದು, ಯಾವ ಕಾಗದ ಎಲ್ಲಿ ಹುಟ್ಟುತ್ತದೆ, ಎಲ್ಲಿ ಸಾಯುತ್ತದೆ, ಯಾವ ಯಂತ್ರ ಯಾರ ಮಾತಿಗೆ ಕಾಯುತ್ತದೆ, ಎಲ್ಲ ಗೆರೆಗಳಲ್ಲಿ ಇತ್ತು. ಈರಬಸಪ್ಪ ಊಟದ ಗಂಟೆ ಹೊಡೆದರೂ ಅದರ ಮುಂದಿನಿಂದ ಏಳಲಿಲ್ಲ. ಜಗತ್ತಿನಲ್ಲಿ ತನ್ನ ಹಾಗೆಯೇ ತಲೆಕೆಟ್ಟವರು ಇನ್ನೂ ಇದ್ದಾರೆ, ಅವರಿಗೆ ಸಂಬಳ ಕೂಡ ಕೊಡುತ್ತಾರೆ ಎಂದು ತಿಳಿದು ಅವನಿಗೆ ಕಣ್ಣಲ್ಲಿ ನೀರು ಬಂತು. ಇದನ್ನು ಅವನು ಹೆಂಡತಿಗೆ ಮಾತ್ರ ಹೇಳಿದ.

ಊರಿಗೆ ಮರಳಿದ ಮೇಲೆ ಚೇರ್ಮನ್ ಗೌಡರ ಹಿಂದೆ ಬಿದ್ದ. ಗೌಡರು ಕೆಟ್ಟವರಲ್ಲ, ಆದರೆ ಯಾವ ಮಾತನ್ನೂ ಪೂರ್ತಿ ಕೇಳುವ ವ್ಯವಧಾನ ಅವರಿಗಿರಲಿಲ್ಲ. ನಾಲ್ಕನೇ ಸಲ ಈರಬಸಪ್ಪ ಬಾಗಿಲಲ್ಲಿ ನಿಂತಾಗ, "ನಕಾಶಿ ಬರದರ ಹತ್ತಿ ಹೆಚ್ಚಿಗಿ ಬೆಳೀತೈತೇನಪಾ?" ಎಂದರು.

"ಹೆಚ್ಚಿಗಿ ಬೆಳಿಯಂಗಿಲ್ರಿ. ಬೆಳದದ್ದು ಹಾದಿ ತಪ್ಪಂಗಿಲ್ಲ" ಎಂದ ಈರಬಸಪ್ಪ.

ಆ ಉತ್ತರ ಗೌಡರಿಗೆ ಹಿಡಿಸಿತು. ಮುರಿದ ರೋಲರು, ಹರಿದ ಪಟ್ಟಾ ತುಂಬಿಟ್ಟಿದ್ದ ಒಂದು ಖೋಲಿಯನ್ನು ಖಾಲಿ ಮಾಡಿಸಿ ಕೊಟ್ಟರು. ಕಾಟಾದ ಗುಮಾಸ್ತ ಕರಿಸಿದ್ದಪ್ಪನನ್ನು ವಾರಕ್ಕೆ ಎರಡು ದಿನ ಕಳಿಸಲು ಒಪ್ಪಿದರು. ಕರಿಸಿದ್ದಪ್ಪ ಮೊದಲು ಅಂಗಡಿ ಬೋರ್ಡುಗಳನ್ನು ಬರೆಯುತ್ತಿದ್ದ ಮನುಷ್ಯ. ಪಟ್ಟಿ ಇಲ್ಲದೆ ಗೆರೆ ಎಳೆದರೂ ದಾರ ಹಿಡಿದಂತೆ ಇರುತ್ತಿತ್ತು. ಹೀಗೆ ನಕಾಶೆ ಖೋಲಿ ಶುರುವಾಯಿತು. ಒಬ್ಬೊಬ್ಬರ ಕೆಲಸಕ್ಕೆ ಒಂದೊಂದು ಚೌಕ. ಆ ಚೌಕಕ್ಕೆ ಈರಬಸಪ್ಪ 'ಮನೆ' ಎಂದು ಹೆಸರಿಟ್ಟ. ಯಾರ ಮನೆಯಲ್ಲಿ ಏನು ಬರುತ್ತದೆ, ಏನು ಹೋಗುತ್ತದೆ ಎಂಬುದು ತೀರ್ಮಾನವಾದ ಮೇಲೆ ಯಾವ ವಿಭಾಗವೂ ಖೋಲಿಗೆ ತಿಳಿಸದೆ ಹೊಸ ಪುಸ್ತಕ ಹಾಕಬಾರದು, ಹೊಸ ಯಂತ್ರ ತರಬಾರದು, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಬಾರದು ಎಂದು ಗೌಡರ ಸಹಿ ಮಾಡಿಸಿದ.

ನಕಾಶೆ ಬರೆಯಬೇಕಾದರೆ ಎಲ್ಲರನ್ನೂ ಕೇಳಬೇಕು. ಕೇಳಬೇಕಾದರೆ ಅವರಿಗೆ ಪುರುಸೊತ್ತಿರಬೇಕು. ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಎತ್ತು ಹೂಡದಿದ್ದರೆ ಬಂಡಿ ಇಲ್ಲ, ಬಂಡಿ ಇಲ್ಲದಿದ್ದರೆ ಹತ್ತಿ ಇಲ್ಲ. ಆ ದಿನ ಮುದಕಪ್ಪ ಜಿನ್ನಿಗೆ ಎಣ್ಣೆ ಬಿಡುತ್ತಾನೆ, ಹಮಾಲರು ಬೇವಿನ ಗಿಡದ ಕೆಳಗೆ ಅಡ್ಡಾಗುತ್ತಾರೆ, ಕಾಟಾದ ತಟ್ಟೆಯ ಮೇಲೆ ಬೆಕ್ಕು ಮಲಗುತ್ತದೆ. ಹಾಗಾಗಿ ಈರಬಸಪ್ಪ ಕೆಂಪು ರಟ್ಟಿನ ಒಂದು ನೋಟಬುಕ್ ಹಿಡಿದು ಸೋಮವಾರ ಸೋಮವಾರ ಒಬ್ಬೊಬ್ಬರ ಬಳಿ ಕೂತ. ಚಹಾ ತರಿಸಿದ. ಅವರೂ ಕಾಲು ಚಾಚಿ, ಕೆಲಸ ಹೇಗೆ ನಡೆಯಬೇಕೋ ಹಾಗೆ, ಅಗದಿ ಚಂದ ಮಾಡಿ ಹೇಳಿದರು. ಪ್ರತಿ ಪುಟದ ತಲೆಗೆ ತಾರೀಖು ಬರೆದು, ಹೇಳಿದವನ ಸಹಿ ತೆಗೆದುಕೊಂಡ.

ಮೊದಲ ವರ್ಷ ಎಲ್ಲರೂ ನಕ್ಕರು. ಮುದಕಪ್ಪ ಜಿನ್ನಿನ ಬಾಗಿಲಲ್ಲೇ ನಿಂತು, "ನಮ್ಮಪ್ಪ ನಕಾಶಿ ನೋಡಿ ನನ್ನ ಹಡದಿಲ್ಲ, ಹೋಗ್ರಿ" ಎಂದು ಅಟ್ಟಿದ್ದ. ಈರಬಸಪ್ಪ ಮರುವಾರ ಮತ್ತೆ ಹೋದ. ಆದರೆ ಎರಡನೇ ವರ್ಷ ನಕಾಶೆ ತನ್ನ ಬೆಲೆ ತೋರಿಸಿತು. ಬಿತ್ತನೆಗೆಂದು ತೆಗೆದಿಟ್ಟ ಬೀಜ ಮತ್ತು ಎಣ್ಣೆ ಗಾಣಕ್ಕೆ ಹೋಗುವ ಬೀಜ ಜಿನ್ನಿಗೂ ಗೋದಾಮಿಗೂ ನಡುವೆ ಬೆರೆತುಹೋಗುತ್ತಿದ್ದವು; ಪ್ರತಿ ಮಳೆಗಾಲದಲ್ಲಿ ನಾಲ್ಕು ಊರಿನವರು ಮೊಳಕೆ ಬರಲಿಲ್ಲ ಎಂದು ಬೈಯಲು ಬರುತ್ತಿದ್ದರು. ಗೇಟಿನಿಂದ ಗೋದಾಮಿನವರೆಗೆ ಒಂದೇ ನಂಬರು ಎಂದು ನಕಾಶೆ ಹೇಳಿತು. ೧೯೮೫ರ ಮುಂಗಾರಿನಲ್ಲಿ ಬೈಯಲು ಒಬ್ಬರೂ ಬರಲಿಲ್ಲ. ಮುದಕಪ್ಪ ಖೋಲಿಯ ಬಾಗಿಲಿಗೆ ಬಂದು ಅರ್ಧ ತಾಸು ನಕಾಶೆ ನೋಡಿ ಹೋದ. ಈರಬಸಪ್ಪನಿಗೆ ಆ ಅರ್ಧ ತಾಸು ಯಾವ ಬಹುಮಾನಕ್ಕಿಂತಲೂ ದೊಡ್ಡದಾಗಿತ್ತು. ಆ ದಿನದಿಂದ ಅವನ ನಡಿಗೆಯೇ ಬದಲಾಯಿತು ಎಂದು ಅನ್ನವ್ವ ಗೇಲಿ ಮಾಡುತ್ತಿದ್ದಳು.

ಇನ್ನು ಒಂದು ಗೆರೆ ಮಾತ್ರ ಕೂಡುತ್ತಿರಲಿಲ್ಲ. ಗೇಟಿನ ಪುಸ್ತಕದಲ್ಲಿ ಬರುವ ಬಂಡಿಗಳಿಗಿಂತ ಕಾಟಾದ ಪುಸ್ತಕದಲ್ಲಿ ಬರುವ ಬಂಡಿಗಳು ಹೆಚ್ಚು. ಅದೂ ಮಂಗಳವಾರ ಮಾತ್ರ. ಮಂಗಳವಾರ ಎರಡು ದಿನದ ಬಂಡಿಗಳು ಒಟ್ಟಿಗೆ ಬರುತ್ತವೆ, ನಿಜ. ಆದರೆ ಗೇಟು ಒಂದೇ, ಗೇಟು ಕಾಯುವವನು ಒಬ್ಬನೇ. ಎಣಿಕೆಗೆ ಸಿಗದೆ ಹೇಗೆ ಒಳಗೆ ಬಂದವು? ವಿಚಾರಿಸಿದಾಗ ಗೇಟಿನ ಬಾಷಾಸಾಬ ಮಂಗಳವಾರ ಒಂದೊಂದು ತಾಸು ಗೇಟಿನಲ್ಲಿ ಇರುವುದೇ ಇಲ್ಲ, ತೆರೆದಿಟ್ಟು ಎಲ್ಲೋ ಹೋಗುತ್ತಾನೆ ಎಂದು ತಿಳಿಯಿತು. ಎಲ್ಲಿಗೆ ಎಂದು ಈರಬಸಪ್ಪ ಕೇಳಲಿಲ್ಲ. ನೋಟಬುಕ್ ತೆಗೆದು ನೋಡಿದ. ಬಾಷಾಸಾಬ ಹೇಳಿ, ಹೆಬ್ಬೆಟ್ಟು ಒತ್ತಿದ್ದ ಪುಟದಲ್ಲಿ ಒಂದೇ ಸಾಲಿತ್ತು: 'ಗೇಟ್ ಕಾಯುವುದು, ಬಂಡಿ ಎಣಿಸಿ ಆಫೀಸಿನವರಿಗೆ ಹೇಳುವುದು.'

ಬಾಷಾಸಾಬ ಅರವತ್ತರ ಹತ್ತಿರದವನು, ಸಂಘ ಶುರುವಾದಾಗಿನಿಂದ ಗೇಟಿನಲ್ಲಿದ್ದವನು. ಚಿಕ್ಕವರೆಲ್ಲ ಅವನನ್ನು ಕಾಕಾ ಎನ್ನುತ್ತಿದ್ದರು. ೧೯೮೬ರ ಫೆಬ್ರುವರಿಯಲ್ಲಿ, ಹತ್ತಿ ಬಿಡಿಸುವ ಕೆಲಸ ಭರದಿಂದ ನಡೆದಾಗ, ಈರಬಸಪ್ಪ ಅವನನ್ನು ಖೋಲಿಗೆ ಕರೆದು ನಕಾಶೆಯ ಮುಂದೆ ನಿಲ್ಲಿಸಿದ.

"ಕಾಕಾ, ನೋಡಿಲ್ಲೆ. ಇದು ನಿನ್ನ ಮನಿ. ಇಲ್ಲಿಂದ ನೀ ಸರಿದಿ ಅಂದ್ರ ಮುಂದಿನ ಎಲ್ಲಾ ಲೆಕ್ಕ ಹಾದಿ ಬಿಡತೈತಿ. ಇನ್ನ ಮ್ಯಾಲ ಗೇಟ್ ಬಿಟ್ಟು ಕದಲಬ್ಯಾಡ."

ಬಾಷಾಸಾಬ ನಕಾಶೆಯನ್ನು ನೋಡಲಿಲ್ಲ, ಇವನ ಮುಖ ನೋಡಿದ. "ಮಂಗಳವಾರನೂ ಏನ್ರಿ?"

"ಮಂಗಳವಾರನೂ."

"ಆತ್ರಿ" ಎಂದು ಹೋದ. ಅವನು ಒಂದು ಮಾತು ಹೆಚ್ಚಿಗೆ ಆಡಿದ್ದರೆ, ಇವನು ಒಂದು ಮಾತು ಹೆಚ್ಚಿಗೆ ಕೇಳಿದ್ದರೆ ಎಂದು ಆಮೇಲೆ ಎಷ್ಟೋ ಜನ ಅಂದರು. ಆದರೆ ಹೇಳುವುದೇನಿತ್ತು? ಮಂಗಳವಾರ ತಾನು ಮಾಡುತ್ತಿದ್ದದ್ದು ಕೆಲಸ ಎಂದೇ ಬಾಷಾಸಾಬನಿಗೆ ಅನಿಸಿರಲಿಲ್ಲ. ಮನೆಗೆ ಬಂದವರಿಗೆ ನೀರು ಕೊಡುವುದನ್ನು ಯಾರಾದರೂ ಕೆಲಸವೆಂದು ಬರೆಸುತ್ತಾರೆಯೇ?

ಮರುವಾರದಿಂದಲೇ ಗೇಟಿನ ಲೆಕ್ಕವೂ ಕಾಟಾದ ಲೆಕ್ಕವೂ ತಾಳೆಯಾದವು. ಈರಬಸಪ್ಪ ಆ ಕೊನೆಯ ಗೆರೆಯನ್ನು ತಾನೇ ಇಂಡಿಯನ್ ಇಂಕಿನಲ್ಲಿ ತಿದ್ದಿದ. ಕರಿಸಿದ್ದಪ್ಪ ಅಂಗಡಿಯಿಂದ ಪೇಡೆ ತಂದ. ನಕಾಶೆ ಮುಗಿಯಿತು ಎಂದುಕೊಂಡರು ಇಬ್ಬರೂ.

ಮಾರ್ಚ್ ಎರಡನೇ ಮಂಗಳವಾರ ಮುಂಜಾನೆ ಹತ್ತರ ಸುಮಾರಿಗೆ ಸಂಘದ ಅಂಗಳದಲ್ಲಿ ಮೂವತ್ತೆಂಟು ಬಂಡಿ ನಿಂತಿದ್ದವು. ಒಂದಕ್ಕೊಂದು ತಾಗಿ, ನೊಗದ ಮೂಕಿ ನೆಲಕ್ಕೆ ಇಳಿಸಿ, ಮೇಲೆ ಹತ್ತಿಯ ಅಂಡಿಗೆಗಳು ಹೊಟ್ಟೆ ಬಿರಿಯುವಂತೆ ತುಂಬಿಕೊಂಡು. ಎತ್ತುಗಳನ್ನು ಗಾಲಿಗೆ ಕಟ್ಟಿ ರೈತರು ಕಾಟಾದ ಮುಂದೆ ಪಾಳಿ ಹಿಡಿದಿದ್ದರು. ಯಾರೋ ಬೀಡಿ ಹಚ್ಚಿದರು. ಯಾರು ಎಂದು ಇವತ್ತಿಗೂ ಗೊತ್ತಿಲ್ಲ. ಗಾಳಿ ಮೂಡಲ ಕಡೆಯಿಂದ ಇತ್ತು. ಮೊದಲು ಹೊಗೆ ಕಂಡವರು ಅದನ್ನು ಜಿನ್ನಿನ ಧೂಳು ಎಂದುಕೊಂಡರು.

ಈರಬಸಪ್ಪ ಖೋಲಿಯಿಂದ ಹೊರಗೆ ಓಡಿ ಬರುವಷ್ಟರಲ್ಲಿ ನಾಲ್ಕು ಬಂಡಿಗಳು ಉರಿಯುತ್ತಿದ್ದವು. ಹತ್ತಿ ಉರಿಯುವಾಗ ಸಪ್ಪಳ ಮಾಡುವುದಿಲ್ಲ, ಅದು ಅವನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಸಪ್ಪಳವೆಲ್ಲ ಎತ್ತುಗಳದು. ಯರಗುಪ್ಪಿಯ ಮೈಲಾರವ್ವ, ಗಂಡ ಸತ್ತ ಮೇಲೆ ಎರಡು ಕೂರಿಗೆ ಹೊಲವನ್ನು ತಾನೇ ಮಾಡಿಸುವ ಹೆಂಗಸು, ಕಾಟಾದ ಪಾಳಿಯಿಂದ ತನ್ನ ಬಂಡಿಯ ಕಡೆ ಓಡಿದಳು. ಅವಳಿಗಿಂತ ಮುಂಚೆ ಗೇಟಿನಿಂದ ಬಾಷಾಸಾಬ ಬಂದಿದ್ದ. ಒಂದು ಎತ್ತಿನ ದಾವಣಿಯನ್ನು ಬರಿಗೈಯಿಂದ ಬಿಚ್ಚಿ ಹೊಡೆದಟ್ಟಿದ. ಇನ್ನೊಂದರದು ಹೊಸ ಹಗ್ಗ, ಗಂಟು ಸಡಿಲಾಗಲಿಲ್ಲ. ಹಮಾಲರು ಅವನನ್ನು ಹಿಂದಿನಿಂದ ಅಪ್ಪಿ ಎಳೆದು ತಂದಾಗ ಎರಡೂ ಅಂಗೈಗಳ ಚರ್ಮ ಸುಲಿದಿತ್ತು. ಆ ಎತ್ತು ಉಳಿಯಲಿಲ್ಲ.

ಬೆಂಕಿ ಆರಿದ ಮೇಲೆ ಜನ ಮಾತಾಡಿದರು. ಈರಬಸಪ್ಪ ಅಲ್ಲಿಯೇ ನಿಂತು ಕೇಳಿದ. ಪ್ರತಿ ಮಂಗಳವಾರ ಬಾಷಾಸಾಬ ಒಂದು ಬಕೀಟು ನೀರು ಹಿಡಿದು ಬಂಡಿಗಳ ನಡುವೆ ಅಡ್ಡಾಡುತ್ತಿದ್ದ. ಬೀಡಿ, ಕಡ್ಡಿಪೆಟ್ಟಿಗೆ ಕಂಡರೆ ಕಸಿದು ಹೆಗಲ ಮೇಲಿನ ವಲ್ಲಿಯಲ್ಲಿ ಗಂಟು ಕಟ್ಟಿಕೊಳ್ಳುತ್ತಿದ್ದ. ಬಂಡಿಗಳು ಹೊರಗೆ ಹೋಗುವಾಗ ಯಾರದು ಯಾವುದೆಂದು ತಪ್ಪದೆ ಮರಳಿ ಕೊಡುತ್ತಿದ್ದ. ದೊಡ್ಡ ದೊಡ್ಡ ಗೌಡರೂ ಅವನ ಕೈಯಲ್ಲಿ ಕಡ್ಡಿಪೆಟ್ಟಿಗೆ ಇಟ್ಟೇ ಮುಂದೆ ಹೋಗುತ್ತಿದ್ದರು. ಹನ್ನೆರಡು ಊರಿನವರಿಗೆ ಇದು ಗೊತ್ತಿತ್ತು. "ಈಗ ಮೂರು ವಾರಾತು, ಕಾಕಾ ಬಂಡಿ ಕಡೆ ಬರೋದ ಬಿಟ್ಟಾನ. ಆಫೀಸಿನ್ಯಾರು ಬ್ಯಾಡಂದಾರಂತ" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. ಹೇಳಿದವನಿಗೆ ಆ ಆಫೀಸಿನವನು ಪಕ್ಕದಲ್ಲೇ ನಿಂತಿದ್ದಾನೆಂದು ತಿಳಿದಿರಲಿಲ್ಲ.

ಈರಬಸಪ್ಪ ಖೋಲಿಗೆ ಬಂದು ನಕಾಶೆಯ ಮುಂದೆ ನಿಂತ. ಬೆಂಕಿ ಹತ್ತಿದ ಜಾಗ ಹುಡುಕಿದ. ಗೇಟು ಇತ್ತು, ಕಾಟಾ ಇತ್ತು, ನಡುವೆ ಒಂದು ನೇರ ಗೆರೆ ಇತ್ತು. ಬಂಡಿಗಳು ಕಾಯುತ್ತ ನಿಲ್ಲುವ ಅಂಗಳ ಇರಲಿಲ್ಲ. ನೋಟಬುಕ್ ತೆಗೆದು ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿಗೆ ಹಿಡಿದು ನೋಡತೊಡಗಿದ. ಹಳೆಯ ವರ್ಷದ ಕ್ಯಾಲೆಂಡರುಗಳನ್ನೂ ಅವನು ಎಸೆದಿರಲಿಲ್ಲ. ಎಪ್ಪತ್ತೊಂದು ಪುಟ. ಎಪ್ಪತ್ತೊಂದೂ ಸೋಮವಾರ. ಎತ್ತು ಹೂಡದ ದಿನ, ಬಂಡಿ ಬಾರದ ದಿನ, ಅಂಗಳ ಬಟಾಬಯಲಾಗಿ ಬಿದ್ದಿರುವ ದಿನ. ಸಂಘ ನಡೆಯದ ದಿನ ಕೂತು ಸಂಘ ಹೇಗೆ ನಡೆಯುತ್ತದೆ ಎಂದು ಬರೆದಿದ್ದ. 

ಎರಡು ದಿನ ಬಿಟ್ಟು ಗೌಡರು ಖೋಲಿಗೆ ತಾವೇ ಬಂದರು. ಬಾಗಿಲು ಹಾಕಿದರು. ಸೋಮವಾರ ಧಾರವಾಡದಿಂದ ಸಹಕಾರ ಇಲಾಖೆಯ ಸಾಹೇಬರು ವಿಚಾರಣೆಗೆ ಬರುವವರಿದ್ದರು.

"ಈರಬಸಪ್ಪ, ಬೆಂಕಿ ನೋಡ್ಕೊಳ್ಳೋದು ಯಾರ ಮನ್ಯಾಗ ಬರದೀಪಾ?"

"ಯಾರ ಮನ್ಯಾಗೂ ಇಲ್ರಿ."

"ಹಂಗಂದ್ರ ಹೆಂಗ? ಇಡೀ ಸಂಘ ಐತಿ ಅಂದಿ ಇದರಾಗ. ಸಾಹೇಬ್ರು ಮೊದಲ ಕೇಳೋದ ಅದು. ಯಾರದೂ ಅಲ್ಲ ಅಂದ್ರ ಸಂಘದ್ದು ಆಗತೈತಿ, ನನ್ನದ ಆಗತೈತಿ, ನಿಂದೂ ಆಗತೈತಿ." ಗೌಡರು ಗೇಟಿನ ಚೌಕದ ಮೇಲೆ ಬೆರಳಿಟ್ಟರು. "ಇಲ್ಲೆ ಜಾಗ ಐತಿ ನೋಡು. ಒಂದ ಸಾಲು. ಬೆಂಕಿ ಕಾವಲು ಅಂತ ಬರಿ. ತಾರೀಖು ಹೋದ ವರ್ಷದ್ದು ಹಾಕು."

"ಬಾಷಾಕಾಕಾನ ಕೆಲಸ ಹೋಗತೈತ್ರಿ."

"ಇನ್ನೆರಡ ವರ್ಷಕ್ಕ ಹೆಂಗೂ ಬಿಡಾಂವ. ಕೈ ಬ್ಯಾರೆ ಹಂಗಾಗ್ಯಾವ." ಗೌಡರ ದನಿ ಒರಟಾಗಿರಲಿಲ್ಲ, ಅದೇ ಕಷ್ಟವಾಗಿತ್ತು. "ನೀ ಬರೀಲಿಲ್ಲ ಅಂದ್ರ ಈ ಖೋಲಿ ಇರಂಗಿಲ್ಲ. ಮೂರು ವರ್ಷದ್ದು ಕೆಲಸ. ಇಚಾರ ಮಾಡು."

ಅವರು ಹೋದ ಮೇಲೆ ಈರಬಸಪ್ಪ ವಿಚಾರ ಮಾಡಿದ. ಮಾಡಲಿಲ್ಲ ಎಂದರೆ ಸುಳ್ಳಾದೀತು. ಪೆನ್ನನ್ನು ಇಂಕಿನಲ್ಲಿ ಅದ್ದಿದ ಕೂಡ. ಕರಿಸಿದ್ದಪ್ಪ ಪಕ್ಕದಲ್ಲಿ ನಿಂತು ಕೆಳದನಿಯಲ್ಲಿ, "ಬರೀರಿ ಅಣ್ಣಾರ. ಬೀಜದ್ದು ಹೆಂಗ ಸುಧಾರಿಸಿತು ನೋಡೀರಲ್ಲ. ಇನ್ನ ಎಷ್ಟ ಸುಧಾರಸೋದು ಐತಿ. ಒಬ್ಬಾಂವಗ ನೋಡಿ ಎಲ್ಲಾ ಕೆಡಿಸ್ತೀರೇನು?" ಎಂದ. ಕರಿಸಿದ್ದಪ್ಪನ ಮಾತಿನಲ್ಲಿ ಕೇಡು ಇರಲಿಲ್ಲ. ಅವನಿಗೂ ಆ ಖೋಲಿ ಬೇಕಾಗಿತ್ತು; ಬೋರ್ಡು ಬರೆಯುವವನ ಮಾತನ್ನು ಜನ ಮೊದಲ ಸಲ ಅಲ್ಲಿ ಕೇಳಿಸಿಕೊಂಡಿದ್ದರು.

ಸಂಜೆ ಮನೆಗೆ ಹೋದವನು ಎಲ್ಲವನ್ನೂ ಅನ್ನವ್ವನಿಗೆ ಹೇಳಿದ. ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನಮ್ಮ ಅಣ್ಣನೂ ವರ್ಷಾ ಬಂಡಿ ತಗೊಂಡ ಬರತಾನಲ್ರಿ. ಕಾಕಾ ಕಡ್ಡಿಪೆಟ್ಟಿಗಿ ಕಸಗೊಂಡ ಅಂತ ಪ್ರತಿ ಸಲ ಹೇಳಿ ನಗತಾನ. ನೀವೂ ನಕ್ಕೀರಿ."

ಅವನಿಗೆ ನೆನಪಾಯಿತು. ಹೌದು, ನಕ್ಕಿದ್ದ. ಮನೆಯಲ್ಲಿ ಕೇಳಿದ್ದು ಆಫೀಸಿನಲ್ಲಿ ಯಾಕೆ ಗೊತ್ತಿರಲಿಲ್ಲ ಎಂದು ಅವನಿಗೆ ಅರ್ಥವಾಗಲಿಲ್ಲ. 

"ನಾ ಏನ ಮಾಡ್ಲಿ?" ಎಂದು ಕೇಳಿದ.

"ನನಗೇನ ಕೇಳತೀರಿ. ಮೈಲಾರವ್ವನ ಕೇಳ್ರಿ" ಎಂದಳು ಅನ್ನವ್ವ.

ರವಿವಾರ ಯರಗುಪ್ಪಿಗೆ ಹೋದ. ಮೈಲಾರವ್ವ ಅವನಿಗೆ ಚಾಪೆ ಹಾಸಿದಳು, ಮಜ್ಜಿಗೆ ಕೊಟ್ಟಳು. ಬೈದಿದ್ದರೆ ಹಗುರಾಗುತ್ತಿತ್ತು. ಹಿತ್ತಲಲ್ಲಿ ಒಂಟಿ ಎತ್ತು ನಿಂತಿತ್ತು, ಅದರ ಜೋಡಿ ಮೇವು ತಿನ್ನುತ್ತಿದ್ದ ಗ್ವಾದಲಿ ಖಾಲಿ ಇತ್ತು. ಅವಳು ಕೇಳಿದಳು, "ಅಲ್ರಿ, ಗ್ವಾಡಿ ಮ್ಯಾಲ ಎಲ್ಲಾ ಬರದ ಹಚ್ಚೀರಂತಲ್ಲ. ಅದರಾಗ ನಮ್ಮ ಬಂಡಿ ಎಲ್ಲೆ ನಿಂದರಬೇಕಂತ ಇತ್ರಿ?"

 ಕೇಳಲು ಬಂದದ್ದನ್ನು ಅವನು ಕೇಳಲಿಲ್ಲ. ಮಜ್ಜಿಗೆ ಕುಡಿದು, ಕೈ ಮುಗಿದು ಎದ್ದ.

ಸೋಮವಾರ ಸಾಹೇಬರು ಬಂದರು. ಸಂಘದ ಮೀಟಿಂಗ್ ಹಾಲಿನಲ್ಲಿ ಟೇಬಲ್ಲು ಹಾಕಿ, ನಕಾಶೆಯನ್ನು ಖೋಲಿಯಿಂದ ತಂದು ಗೋಡೆಗೆ ತೂಗುಹಾಕಿದ್ದರು. ಗೌಡರು ಒಂದು ಪಕ್ಕ, ಮುದಕಪ್ಪ ಮತ್ತು ಉಳಿದ ವಿಭಾಗದವರು ಇನ್ನೊಂದು ಪಕ್ಕ. ಬಾಷಾಸಾಬ ಬಾಗಿಲ ಹೊರಗೆ ನಿಂತಿದ್ದ, ಎರಡೂ ಕೈಗೆ ಬ್ಯಾಂಡೇಜು. ಅವನ ಹೆಂಡತಿ ರಾಜಮಾಬಿ ಜೊತೆಗೆ ಬಂದಿದ್ದಳು. ಅವನ ರುಮಾಲು ಜಾರಿದಾಗ ಅವಳೇ ಸರಿ ಮಾಡಬೇಕಾಗಿತ್ತು.

ಸಾಹೇಬರು ನಕಾಶೆಯ ಮುಂದೆ ಬಹಳ ಹೊತ್ತು ನಿಂತರು. "ಬೆಂಕಿಯ ಜವಾಬ್ದಾರಿ ಯಾರದು?" ಎಂದು ಕೇಳಿದರು. ಗೌಡರು ಈರಬಸಪ್ಪನ ಕಡೆ ನೋಡಿದರು. ಗೇಟಿನ ಚೌಕದಲ್ಲಿ ಹೊಸ ಸಾಲು ಇರಲಿಲ್ಲ.

ಈರಬಸಪ್ಪ ಕೆಂಪು ರಟ್ಟಿನ ನೋಟಬುಕ್ ತೆರೆದ. ತಾರೀಖುಗಳನ್ನು ಓದತೊಡಗಿದ. ಪ್ರತಿ ತಾರೀಖಿನ ಮುಂದೆ ಸೋಮವಾರ, ಸೋಮವಾರ ಎಂದ. ಹತ್ತಿಪ್ಪತ್ತು ಓದುವಷ್ಟರಲ್ಲಿ ಸಾಹೇಬರು ಕೈಯೆತ್ತಿ ನಿಲ್ಲಿಸಿದರು.

"ಇದರ ಅರ್ಥ ಏನು?"

"ನಕಾಶಿ ಬರೀವಾಗ ಮಂಗಳವಾರ ನಾ ಅಂಗಳಕ್ಕ ಹೋಗೇ ಇಲ್ರಿ. ನಕಾಶಿ ನಂದು. ಗೇಟ್ ಬಿಟ್ಟು ಕದಲಬ್ಯಾಡ ಅಂದಾಂವನೂ ನಾನ. ಬಾಷಾಸಾಬ ನಾ ಹೇಳಿದಂಗ ಕೇಳ್ಯಾನ, ಅಷ್ಟ. ಅದಕ್ಕ ಬೆಂಕಿ ಹತ್ತೇತಿ." ನೋಟಬುಕ್ ಮುಚ್ಚಿದ. "ಅಂವಾ ನನ್ನ ಮಾತು ಮೀರಿದ್ರ ಮೈಲಾರವ್ವನ ಎತ್ತು ಉಳಿತಿತ್ರಿ."

 ಗೌಡರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸತೊಡಗಿದರು.

ತೀರ್ಮಾನ ಬರಲು ಒಂದು ತಿಂಗಳು ಹಿಡಿಯಿತು. ಬಾಷಾಸಾಬನ ಮೇಲೆ ಯಾವ ತಪ್ಪೂ ಇಲ್ಲ ಎಂದಾಯಿತು. ಸುಟ್ಟುಹೋದ ಹತ್ತಿಗೂ ಎತ್ತಿಗೂ ಸಂಘವೇ ಪರಿಹಾರ ಕೊಡಬೇಕೆಂದಾಯಿತು. ನಕಾಶೆ ಖೋಲಿಯನ್ನು ಮುಚ್ಚಿ, ರೋಲರುಗಳನ್ನು ಮತ್ತೆ ಅಲ್ಲಿಗೇ ತುಂಬಿದರು. ಈರಬಸಪ್ಪನನ್ನು ಹೆಡ್‌ಕ್ಲಾರ್ಕ್ ಕುರ್ಚಿಯಿಂದ ಎಬ್ಬಿಸಿ ಬೀಜದ ಗೋದಾಮಿಗೆ ಹಾಕಿದರು. ಕರಿಸಿದ್ದಪ್ಪ ಅವನೊಂದಿಗೆ ಮಾತು ಬಿಟ್ಟ. ಸಾಹೇಬರು ಹೋಗುವಾಗ ಮಾತ್ರ ನಕಾಶೆಯನ್ನು ಸುರುಳಿ ಸುತ್ತಿಸಿ ಜೀಪಿನಲ್ಲಿ ಹಾಕಿಕೊಂಡು ಹೋಗಿದ್ದರು. ಭಾಳ ಚಲೋ ಐತಿ, ಬೇರೆ ಸಂಘದವರಿಗೂ ತೋರಿಸಬೇಕು ಎಂದರಂತೆ. ನೋಟಬುಕ್ಕನ್ನು ಅವರು ಕೇಳಲಿಲ್ಲ. ಹಾಗೆ ನಕಾಶೆ ಧಾರವಾಡಕ್ಕೆ ಹೋಯಿತು, ಅದರ ತಪ್ಪು ಹೊಸಮಾಳದಲ್ಲೇ ಉಳಿಯಿತು. ನಮ್ಮ ಇಲಾಖೆಗಳು ಯಾವಾಗಲೂ ಹೀಗೆಯೇ, ಚಂದ ಇದ್ದದ್ದನ್ನು ಒಯ್ಯುತ್ತವೆ.

ಈರಬಸಪ್ಪನಿಗೆ ಇದಾವುದರಿಂದಲೂ ಅಷ್ಟು ದುಃಖವಾಗಲಿಲ್ಲ. ಖೋಲಿ ಹೋಯಿತು, ಸರಿ. ಆದರೆ ಒಬ್ಬ ಮನುಷ್ಯನ ಅನ್ನ ಉಳಿಯಿತು, ಮತ್ತು ಇನ್ನು ಮೇಲೆ ಅಂಗಳ ಮೊದಲಿನ ಹಾಗೆ ಆಗುತ್ತದೆ. ತಾನು ಕಳೆದುಕೊಂಡದ್ದಕ್ಕೆ ಅಷ್ಟಾದರೂ ಸಿಕ್ಕಿತಲ್ಲ ಎಂದು ತನ್ನಷ್ಟಕ್ಕೆ ತಾನು ಸಮಾಧಾನ ಮಾಡಿಕೊಂಡಿದ್ದ.

ಏಪ್ರಿಲ್ ಕೊನೆಯಲ್ಲಿ ಬಾಷಾಸಾಬ ಕೆಲಸಕ್ಕೆ ಮರಳಿದ. ಹತ್ತಿ ಇನ್ನೂ ಬರುತ್ತಿತ್ತು. ಮಂಗಳವಾರ ಇಪ್ಪತ್ತಕ್ಕೂ ಮಿಕ್ಕಿ ಬಂಡಿಗಳು ನಿಂತಿದ್ದವು. ಗೋದಾಮಿನ ಬಾಗಿಲಿನಿಂದ ಈರಬಸಪ್ಪ ನೋಡಿದ, ಒಂದು ತಾಸು, ಎರಡು ತಾಸು. ಬಾಷಾಸಾಬ ಗೇಟಿನ ಸ್ಟೂಲಿನ ಮೇಲೆ ಕೂತೇ ಇದ್ದ. ಮೂರನೇ ಬಂಡಿಯ ನೆರಳಿನಲ್ಲಿ ಒಬ್ಬ ಬೀಡಿ ಹಚ್ಚುತ್ತಿದ್ದ. ಈರಬಸಪ್ಪ ಓಡಿ ಹೋಗಿ ಅದನ್ನು ಕಸಿದು ಕಾಲಲ್ಲಿ ತುಳಿದ, ಅಲ್ಲಿಂದ ನೇರ ಗೇಟಿಗೆ ಬಂದ.

"ಕಾಕಾ, ಯಾಕ ಕುಂತಿ? ಬಂಡಿ ಕಡೆ ಹೋಗಂಗಿಲ್ಲೇನು? ಈಗ ಯಾರೂ ಬ್ಯಾಡ ಅನ್ನಂಗಿಲ್ಲ."

"ಹೋಗು ಅಂತ ಹೇಳ್ಯಾರೇನ್ರಿ?"

"ನಾ ಹೇಳತೀನಿ. ಮೊದಲ ಹೆಂಗ ಮಾಡತಿದ್ದಿ ಹಂಗ ಮಾಡು."

ಬಾಷಾಸಾಬ ಅಂಗೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದ. ಹೊಸ ಚರ್ಮ ತೆಳ್ಳಗೆ, ಕೆಂಪಗೆ ಇತ್ತು. ಅವನಿಗೆ ಸಿಟ್ಟಿರಲಿಲ್ಲ. ತನಗಾಗಿ ಈರಬಸಪ್ಪ ಏನು ಮಾಡಿದ, ಏನು ಕಳೆದುಕೊಂಡ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ರಾಜಮಾಬಿ ಮನೆಗೆ ಬಂದು ಅನ್ನವ್ವನ ಕೈ ಹಿಡಿದು ಅತ್ತು ಹೋಗಿದ್ದಳು.

"ಮೊದಲ ನನಗ ಯಾರೂ ಹೇಳಿದ್ದಿಲ್ರಿ ಅಣ್ಣಾರ" ಎಂದ ಮೆಲ್ಲಗೆ. "ಅದಕ್ಕ ಮಾಡತಿದ್ದೆ. ಈಗ ಹೋದ್ನೆಂದ್ರ ಹೇಳಿದ್ದಕ್ಕ ಹೋದಂಗ ಆಗತೈತಿ. ನಾಳೆ ಬೆಂಕಿ ಹತ್ತಿದ್ರ ನಿಂದ ಕೆಲಸ ಅಂತಾರ. ಇಷ್ಟ ವರ್ಷ ನಂಗ ಅದು ಕೆಲಸ ಅಂತ ಗೊತ್ತ ಇದ್ದಿಲ್ಲ. ಈಗ ಗೊತ್ತಾತು. ಕೆಲಸ ಆದ್ರ ಸಂಘದವರು ಯಾರರೆ ಮಂದೀನ ಇಡ್ಲಿ."

ಅಷ್ಟರಲ್ಲಿ ರಸ್ತೆಯಿಂದ ಒಂದು ಬಂಡಿ ಒಳಗೆ ತಿರುಗಿತು. ಬಾಷಾಸಾಬ ಎದ್ದು ನಿಂತು, ಬಂಡಿಯವನಿಗೆ ಊರು ಕೇಳಿ, ಎಣಿಕೆಗೆ ಒಂದು ಕಲ್ಲು ಸರಿಸಿ, ಮತ್ತೆ ಸ್ಟೂಲಿನ ಮೇಲೆ ಕೂತ. ಬಂಡಿಯವನ ಕಿಸೆಯಲ್ಲಿ ಕಡ್ಡಿಪೆಟ್ಟಿಗೆ ಉಬ್ಬಿ ಕಾಣುತ್ತಿತ್ತು. ಬಾಷಾಸಾಬ ಅದನ್ನು ನೋಡಿದ, ಈರಬಸಪ್ಪನೂ ನೋಡಿದ. ಬಂಡಿ ಅವರಿಬ್ಬರ ನಡುವೆ ಹಾದು ಒಳಗೆ ಹೋಯಿತು.